ಒಂದು ಪ್ಲೇಟಿಗೆ ಎಷ್ಟು ಮುಖ

ಅಮ್ಮನ ಬಾಲ್ಯದ್ದು ಅಂತ ನಮ್ಮ ಮನೆಯಲ್ಲಿ ಇರುವುದು ಒಂದೇ ಒಂದು ಫೋಟೊ. 1964ರ ಬೇಸಿಗೆಯದ್ದು. ಆಗ ಅಮ್ಮನಿಗೆ ಒಂಬತ್ತು ವರ್ಷ. ಮೊಗ್ಗಿನ ಜಡೆ ಹೆಣೆಸಿ, ರೇಷ್ಮೆ ಲಂಗ ಉಡಿಸಿ, ಮೊಗ್ಗು ಅರಳುವ ಮೊದಲೇ ಫೋಟೊ ಆಗಬೇಕು ಅಂತ ಅಜ್ಜಿ ಅವಳನ್ನು ತುಮಕೂರಿನ ಒಂದು ಸ್ಟುಡಿಯೋಗೆ ಅವಸರ ಅವಸರವಾಗಿ ಕರೆದುಕೊಂಡು ಹೋಗಿದ್ದರಂತೆ. ಫೋಟೊದಲ್ಲಿ ಅಮ್ಮ ಸ್ಟೂಲಿನ ಮೇಲೆ ಕೂತಿದ್ದಾಳೆ. ಮುಖ ನಮ್ಮ ಕಡೆಗಿದೆ, ನಗು ಇಲ್ಲ. ಬೆನ್ನ ಹಿಂದೆ ಆಳೆತ್ತರದ ಕನ್ನಡಿ. ಆ ಕನ್ನಡಿಯೊಳಗೆ ಜಡೆ, ನೆತ್ತಿಯಿಂದ ಕುಚ್ಚಿನವರೆಗೆ.

ನಮ್ಮ ಕಡೆ ಹೆಣ್ಣುಮಕ್ಕಳಿದ್ದ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಫೋಟೊ ಇರುತ್ತಿತ್ತು, ಅಲ್ವಾ? ಕನ್ನಡಿ ಇಟ್ಟಿದ್ದು ಸುಮ್ನೆ ಅಂದಕ್ಕೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಅಂತ ಹೇಳಿಕೊಟ್ಟವರು ಮಾವ, ಅಮ್ಮನ ತಮ್ಮ. ಅದೇ ಸ್ಟುಡಿಯೋದಲ್ಲಿ ಮುಂದೆ ಅವರು ಕೆಲಸಕ್ಕೆ ಸೇರಿದರು. ಕಸ ಗುಡಿಸುವುದರಿಂದ ಹಿಡಿದು ಫೋಟೊ ತೊಳೆಯುವ ಡಾರ್ಕ್ ರೂಮಿನವರೆಗೆ ಎಲ್ಲ ಕಲಿತರು. 1976ರಲ್ಲಿ ತಿಪಟೂರಿನಲ್ಲಿ ತಮ್ಮದೇ ಸ್ಟುಡಿಯೋ ಹಾಕಿದರು.

"ಮುಂದಿಂದ ಒಂದು, ಹಿಂದಿಂದ ಒಂದು ತೆಗೆದ್ರೆ ಎರಡು ಪ್ಲೇಟ್ ಖರ್ಚು ಪುಟ್ಟಿ. ಅಷ್ಟು ದುಡ್ಡು ಯಾರ ಹತ್ರ ಇತ್ತು? ಕನ್ನಡಿ ಇಟ್ರೆ ಒಂದೇ ಪ್ಲೇಟಲ್ಲಿ ಎರಡೂ ಬಂತು."

ಪ್ಲೇಟ್ ಅಂದರೆ ಕ್ಯಾಮೆರಾದೊಳಗೆ ಇಟ್ಟು ಚಿತ್ರ ಹಿಡಿಯುವ ಗಾಜು ಅಥವಾ ತಗಡು. ಫೋಟೊಗ್ರಫಿಯ ಇತಿಹಾಸ ಓದುವಾಗಲೆಲ್ಲ ನನಗೆ ಮಾವನ ಈ ಮಾತು ನೆನಪಾಗುತ್ತದೆ. ಯಾರು ಕಂಡುಹಿಡಿದರು, ಯಾವ ಲೆನ್ಸ್ ಬಂತು, ಅದು ಕಲೆ ಹೌದೋ ಅಲ್ಲವೋ, ಈ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಅದು ಊರೂರಿನಲ್ಲಿ ಒಬ್ಬೊಬ್ಬರ ಅನ್ನದ ದಾರಿ ಆಗಿದ್ದು ಹೇಗೆ? ನನಗೆ ಕಾಣುವ ಉತ್ತರ ಇದು: ಒಂದು ಪ್ಲೇಟಿನಿಂದ ಒಂದಕ್ಕಿಂತ ಜಾಸ್ತಿ ಮುಖ ಹೇಗೆ ತೆಗೆಯೋದು ಅಂತ ಯೋಚಿಸಿದವರು ಅದನ್ನು ಕಸುಬು ಮಾಡಿದರು.

ಮೊದಮೊದಲು ಮುಖವೇ ಬರುತ್ತಿರಲಿಲ್ಲ. ಫ್ರಾನ್ಸಿನ ನೀಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಒಂದು ಲೋಹದ ತಗಡಿನ ಮೇಲೆ ಹಿಡಿದ. ಕ್ಯಾಮೆರಾದಿಂದ ಉಳಿದು ಬಂದಿರುವ ಅತ್ಯಂತ ಹಳೆಯ ಚಿತ್ರ ಅದೇ. ತಗಡಿಗೆ ಬಳಿದಿದ್ದು ಒಂದು ಜಾತಿಯ ಡಾಂಬರು. ಬೆಳಕು ಬೀಳಲು ಬಿಟ್ಟಿದ್ದು ಕಡಿಮೆ ಅಂದರೂ ಎಂಟು ಗಂಟೆ. ಬಿಸಿಲು ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಬಿದ್ದು, ಎರಡೂ ಬದಿಯ ಗೋಡೆಗಳು ಬೆಳಗಿವೆ. ಎಂಟು ಗಂಟೆ ಅಲ್ಲಾಡದೆ ಕೂರುವವರು ಯಾರು?

ಅವನ ಜೊತೆಗಾರ ಡಾಗೇರ್ ಆ ಹೊತ್ತನ್ನು ನಿಮಿಷಗಳಿಗೆ ಇಳಿಸಿದ. ಅಷ್ಟರಲ್ಲಿ ನೀಪ್ಸ್ ತೀರಿಕೊಂಡಿದ್ದ. 1839ರ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಈ ಸುದ್ದಿ ಹೊರಬಿತ್ತು. ಆಗಸ್ಟ್ 19ರಂದು ವಿಧಾನವನ್ನೂ ಎಲ್ಲರ ಮುಂದಿಟ್ಟರು. ಫ್ರೆಂಚ್ ಸರ್ಕಾರ ಡಾಗೇರ್‌ಗೆ ವರ್ಷಕ್ಕೆ 6,000 ಫ್ರಾಂಕ್, ನೀಪ್ಸ್‌ನ ಮಗನಿಗೆ 4,000 ಫ್ರಾಂಕ್ ಪಿಂಚಣಿ ಕೊಟ್ಟು ಅದನ್ನು ಜಗತ್ತಿಗೆ ಪುಕ್ಕಟೆ ಬಿಟ್ಟಿತು. ಇಂಗ್ಲೆಂಡಿನಲ್ಲಿ ಮಾತ್ರ ಐದು ದಿನ ಮೊದಲೇ ಪೇಟೆಂಟ್ ಆಗಿಹೋಗಿತ್ತು.

ಡಾಗೇರ್ 1838ರಲ್ಲಿ ತೆಗೆದ ಪ್ಯಾರಿಸ್ ಬೀದಿಯ ಚಿತ್ರ ನೀವೂ ನೋಡಿರಬಹುದು. ಗಾಡಿಗಳು, ಜನ, ಓಡಾಡುವ ಯಾವುದೂ ಅದರಲ್ಲಿ ಇಲ್ಲ. ಅಷ್ಟು ನಿಧಾನದ ಪ್ಲೇಟಿನಲ್ಲಿ ಅವೆಲ್ಲ ಅಳಿಸಿಹೋದವು. ಮೂಲೆಯಲ್ಲಿ ಒಂದು ಆಕಾರ ಮಾತ್ರ ಉಳಿದಿದೆ, ಶೂ ಪಾಲಿಶ್ ಮಾಡಿಸಿಕೊಳ್ಳಲು ಕಾಲೆತ್ತಿ ನಿಂತ ಒಬ್ಬ ಮನುಷ್ಯ. ಕೆಳಗೆ ಕೂತು ಪಾಲಿಶ್ ಹಾಕುತ್ತಿದ್ದವನೂ ಮಸುಕಾಗಿ ಇದ್ದಾನೆ. ಆ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಹುಡುಕುವುದು ಅವನನ್ನೇ.

ಡಾಗೇರ್‌ನ ಪ್ಲೇಟ್ ಅಂದರೆ ಬೆಳ್ಳಿ ಲೇಪಿಸಿದ ತಾಮ್ರದ ತಗಡು. ಅದನ್ನು ಫಳಫಳ ಉಜ್ಜಬೇಕು. ಅಯೋಡಿನ್ ಹಬೆ ಕೊಟ್ಟು ಕ್ಯಾಮೆರಾಗೆ ಹಾಕಬೇಕು. ಆಮೇಲೆ ಬಿಸಿ ಪಾದರಸದ ಹಬೆಯಲ್ಲಿ ಹಿಡಿದರೆ ಚಿತ್ರ ಮೇಲೇಳುತ್ತದೆ. ಆ ವಿಷದ ಹಬೆಯನ್ನು ದಿನವಿಡೀ ಕುಡಿದವರ ಬಗ್ಗೆ ಯೋಚಿಸಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬಂದ ಚಿತ್ರವೂ ಒಂದು ಕನ್ನಡಿಯೇ. ಓರೆಯಾಗಿ ಹಿಡಿದರೆ ಮುಖ ಕಾಣುತ್ತದೆ, ನೇರ ಹಿಡಿದರೆ ನೋಡುವವರ ಮುಖವೇ ಎದುರಾಗುತ್ತದೆ. ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ಮುಖ್ಯವಾದ ಮಾತು ಅಂದರೆ, ಅದು ಒಂದೇ ಒಂದು. ಇನ್ನೊಂದು ಪ್ರತಿ ಬೇಕಂದರೆ ಮತ್ತೆ ಕೂರಬೇಕು. ಒಂದು ಪ್ಲೇಟಿಗೆ ಒಂದೇ ಮುಖ.

ಲಂಡನ್ನಿನಲ್ಲಿ ರಿಚರ್ಡ್ ಬಿಯರ್ಡ್ ಎಂಬ ಕಲ್ಲಿದ್ದಲು ವ್ಯಾಪಾರಿ 1841ರ ಮಾರ್ಚ್ 23ರಂದು ಪಾಲಿಟೆಕ್ನಿಕ್ ಕಟ್ಟಡದ ಚಾವಣಿಯ ಮೇಲೆ ಯುರೋಪಿನ ಮೊದಲ ಫೋಟೊ ಸ್ಟುಡಿಯೋ ತೆರೆದ. ಗಾಜಿನ ಮಾಡು, ಅದಕ್ಕೆ ನೀಲಿ ಗಾಜು. ಕೂತವರ ತಲೆ ಅಲ್ಲಾಡದಂತೆ ಹಿಂದೆ ಕಬ್ಬಿಣದ ಹಿಡಿ. ಅವನ ಕ್ಯಾಮೆರಾವನ್ನು ಮಾಡಿದ್ದು ಅಮೆರಿಕದ ವಾಲ್ಕಾಟ್. ಬೆಳಕನ್ನು ಕೂಡಿಸಲು ಅದರಲ್ಲಿ ಲೆನ್ಸ್ ಇರಲಿಲ್ಲ, ಒಳಗುಳಿಯ ಕನ್ನಡಿ ಇತ್ತು. ಕನ್ನಡಿಯಿಂದ ಬರುವ ಕಾರಣ ಮುಖ ತಿರುಗಿ ಸರಿಯಾಗಿಯೇ ಬೀಳುತ್ತಿತ್ತು. ನಮ್ಮ ಸ್ಟುಡಿಯೋಗಳಿಗೂ ಕನ್ನಡಿಗೂ ಹಳೆಯ ನಂಟು ಅಂತ ಇದನ್ನು ಓದಿದ ದಿನ ಮಾವನಿಗೆ ಫೋನ್ ಮಾಡಿ ಹೇಳಿದ್ದೆ.

ಬಿಯರ್ಡ್ ಒಂದು ಸಣ್ಣ ಚಿತ್ರಕ್ಕೆ ಇಟ್ಟ ಬೆಲೆ ಒಂದು ಗಿನಿ, ಅಂದರೆ 21 ಶಿಲಿಂಗ್. ಕೂಲಿ ಮಾಡುವವನಿಗೆ ವಾರವಿಡೀ ದುಡಿದರೂ ಅಷ್ಟು ಸಿಗದ ಕಾಲ. ಆದರೂ ಸಾಲು ನಿಂತವರಿದ್ದರು. ಬಿಯರ್ಡ್ ಇಂಗ್ಲೆಂಡಿನ ಹಕ್ಕು ಕೊಂಡುಕೊಂಡ, ಬೇರೆ ಊರಿನವರಿಗೆ ಲೈಸೆನ್ಸ್ ಮಾರಿದ, ಲೈಸೆನ್ಸ್ ಇಲ್ಲದೆ ತೆಗೆದವರ ಮೇಲೆ ಕೇಸು ಹಾಕಿದ. ಹತ್ತು ವರ್ಷ ತುಂಬುವ ಮೊದಲೇ ದಿವಾಳಿಯಾದ. ಮುಖಕ್ಕೆ ಬೇಲಿ ಹಾಕಿ ದುಡ್ಡು ಮಾಡುವುದು ಅಷ್ಟು ದಿನ ಮಾತ್ರ ನಡೆಯಿತು.

ಒಂದರಿಂದ ಹಲವು ತೆಗೆಯುವ ದಾರಿ ತೋರಿಸಿದವನು ಇಂಗ್ಲೆಂಡಿನ ಟಾಲ್ಬಟ್. ಕಾಗದದ ಮೇಲೆ ನೆಗೆಟಿವ್, ಅಂದರೆ ಬಿಳಿ ಕಪ್ಪಾಗಿ ಕಪ್ಪು ಬಿಳಿಯಾಗಿ ಮೂಡಿದ ಚಿತ್ರ, ಅದರಿಂದ ಬೇಕಾದಷ್ಟು ಪ್ರಿಂಟ್. 1841ರಲ್ಲಿ ಅವನೂ ಪೇಟೆಂಟ್ ತೆಗೆದುಕೊಂಡ. ಕಾಗದದ ನಾರು ಪ್ರಿಂಟಿನಲ್ಲೂ ಮೂಡಿ ಚಿತ್ರ ಸ್ವಲ್ಪ ಒರಟಾಗುತ್ತಿತ್ತು.

ಈಗ ನಾನು ಹೇಳಲೇಬೇಕಾದ ಒಬ್ಬ ಮನುಷ್ಯ ಇದ್ದಾನೆ, ಫ್ರೆಡರಿಕ್ ಸ್ಕಾಟ್ ಆರ್ಚರ್. ಕಸುಬಿನಲ್ಲಿ ಶಿಲ್ಪಿ. ತನ್ನ ಮೂರ್ತಿಗಳಿಗೆ ಮಾದರಿಯಾಗಿ ಕೂರುವವರ ಚಿತ್ರ ಬೇಕು ಅಂತ ಫೋಟೊಗ್ರಫಿಗೆ ಬಂದವನು. 1851ರ ಮಾರ್ಚಿನಲ್ಲಿ ಅವನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹರಡಿ ನೆಗೆಟಿವ್ ಮಾಡುವ ವಿಧಾನವನ್ನು ಒಂದು ಪತ್ರಿಕೆಯಲ್ಲಿ ಬಿಡಿಸಿ ಬರೆದ. ಪೇಟೆಂಟ್ ಮಾಡಿಸಲಿಲ್ಲ. ಗಾಜಿನಲ್ಲಿ ನಾರಿಲ್ಲ, ಹಾಗಾಗಿ ಕಣ್ಣಿನ ರೆಪ್ಪೆ ಕೂಡ ಎಣಿಸುವಷ್ಟು ಸ್ಪಷ್ಟ. ಕೂರಬೇಕಾದ ಹೊತ್ತು ಸೆಕೆಂಡುಗಳಿಗೆ ಇಳಿಯಿತು. ಒಂದೇ ತೊಂದರೆ, ಗಾಜು ಒಣಗುವುದರೊಳಗೆ ಎಲ್ಲ ಮುಗಿಯಬೇಕು. ಬಳಿಯೋದು, ಬೆಳ್ಳಿಯ ದ್ರವದಲ್ಲಿ ಅದ್ದೋದು, ಫೋಟೊ ತೆಗೆಯೋದು, ತೊಳೆಯೋದು, ಹತ್ತು ಹದಿನೈದು ನಿಮಿಷದಲ್ಲಿ. ಅದಕ್ಕೇ ಅಂದಿನ ಫೋಟೊಗ್ರಾಫರ್ ಹೋದಲ್ಲೆಲ್ಲ ಒಂದು ಕತ್ತಲೆ ಡೇರೆ ಹೊತ್ತುಕೊಂಡೇ ಹೋಗಬೇಕಿತ್ತು.

ಮುಂದಿನ ಮೂವತ್ತು ವರ್ಷ ಜಗತ್ತಿನ ಸ್ಟುಡಿಯೋಗಳೆಲ್ಲ ಬದುಕಿದ್ದು ಹೆಚ್ಚುಕಡಿಮೆ ಇವನ ವಿಧಾನದ ಮೇಲೆ. ಆರ್ಚರ್ 1857ರಲ್ಲಿ ಬಡತನದಲ್ಲಿ ತೀರಿಕೊಂಡ. ಸ್ವಲ್ಪ ದಿನಕ್ಕೆ ಹೆಂಡತಿಯೂ ಹೋದಳು. ಮಕ್ಕಳಿಗೆ ಅಂತ ಚಂದಾ ಎತ್ತಿದರು, ಸರ್ಕಾರ ಒಂದು ಸಣ್ಣ ಪಿಂಚಣಿ ಕೊಟ್ಟಿತು. ಲೆನ್ಸಿಗೆ, ಕ್ಯಾಮೆರಾಗೆ, ಕಂಪನಿಗೆ ಹೆಸರಿಟ್ಟಷ್ಟು ಸುಲಭವಾಗಿ ಇವನ ಹೆಸರನ್ನು ಯಾರೂ ಹೇಳುವುದಿಲ್ಲ. ಆ ಬೇಜಾರು ನನಗೆ ಹೋಗಿಲ್ಲ.

ಆರ್ಚರ್‌ನ ಗಾಜಿನಿಂದ ವ್ಯಾಪಾರ ಕಟ್ಟಿದವನು ಪ್ಯಾರಿಸ್ಸಿನ ಡಿಸ್ಡೆರಿ. 1854ರ ನವೆಂಬರಿನಲ್ಲಿ ಅವನು ಪೇಟೆಂಟ್ ಪಡೆದ ಉಪಾಯ ಕೇಳಿದರೆ ಮಾವ ಖಂಡಿತ ತಲೆದೂಗುತ್ತಿದ್ದರು. ಒಂದು ದೊಡ್ಡ ಗಾಜನ್ನು ಭಾಗ ಭಾಗವಾಗಿ ಬಳಸುವುದು. ನಾಲ್ಕು ಲೆನ್ಸಿನ ಕ್ಯಾಮೆರಾ, ಮೊದಲು ಅರ್ಧ ಗಾಜಿಗೆ, ಆಮೇಲೆ ಸರಿಸಿ ಉಳಿದರ್ಧಕ್ಕೆ. ಒಂದು ಗಾಜಿನಲ್ಲಿ ಎಂಟು ಫೋಟೊ. ಒಂದೇ ಸಲ ಪ್ರಿಂಟ್ ಹಾಕಿ, ಕತ್ತರಿಸಿ, ವಿಸಿಟಿಂಗ್ ಕಾರ್ಡಿನಷ್ಟು ಅಗಲದ ರಟ್ಟಿಗೆ ಅಂಟಿಸಿದರೆ ಆಯಿತು. ಒಂದು ಚಿತ್ರಕ್ಕೆ 50ರಿಂದ 100 ಫ್ರಾಂಕ್ ಕೇಳುತ್ತಿದ್ದ ಊರಿನಲ್ಲಿ ಅವನು 20 ಫ್ರಾಂಕಿಗೆ ಒಂದು ಡಜನ್ ಕೊಟ್ಟ.

ಆಗ ಶುರುವಾಯಿತು ನಿಜವಾದ ಕಸುಬು. ಮನೆಮನೆಯಲ್ಲಿ ಆಲ್ಬಮ್ ಬಂತು. ನೆಂಟರ ಫೋಟೊ ಪಕ್ಕದಲ್ಲೇ ರಾಜ ರಾಣಿಯರ ಫೋಟೊ. ಅವು ಅಂಗಡಿಯಲ್ಲಿ ಮಾರಾಟಕ್ಕೆ ಸಿಗುತ್ತಿದ್ದವು. 1861ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡಾಗ ಒಂದೇ ವಾರದಲ್ಲಿ ಅವನ ಫೋಟೊ 70,000 ಬೇಕು ಅಂತ ಬೇಡಿಕೆ ಬಂತು ಅನ್ನುವುದು ಆ ಕಾಲದ ಲೆಕ್ಕ. ಪ್ರಿಂಟ್ ಹಾಕುವ ಕಾಗದಕ್ಕೆ ಮೊಟ್ಟೆಯ ಬಿಳಿ ಬಳಿಯಬೇಕಿತ್ತು. ಜರ್ಮನಿಯ ಡ್ರೆಸ್ಡೆನ್ ಊರಿನ ಕಾರ್ಖಾನೆ ಒಂದು ಮುಂದೆ ದಿನಕ್ಕೆ 60,000 ಮೊಟ್ಟೆ ಒಡೆಯುತ್ತಿತ್ತಂತೆ. ಹಳೆಯ ಫೋಟೊಗಳ ಆ ಹಳದಿ ಮಿಶ್ರಿತ ಕಂದು ಬಣ್ಣ ಇದೆಯಲ್ಲ, ಅದರಲ್ಲಿ ಮೊಟ್ಟೆಯ ಪಾಲೂ ಇದೆ.

ಡಿಸ್ಡೆರಿ ಕೋಟೆಯಂಥ ಸ್ಟುಡಿಯೋ ಕಟ್ಟಿದ. ಅವನ ಉಪಾಯವನ್ನು ಎಲ್ಲರೂ ಎತ್ತಿಕೊಂಡರು, ಬೆಲೆ ಇನ್ನೂ ಇಳಿಯಿತು. 1889ರಲ್ಲಿ ಅವನೂ ಕೈಯಲ್ಲಿ ಕಾಸಿಲ್ಲದೆ ಸತ್ತ.

ಇಷ್ಟು ಹೊತ್ತಿಗೆ ಕ್ಯಾಮೆರಾ ನಮ್ಮ ನೆಲಕ್ಕೂ ಬಂದಿತ್ತು. ಆದರೆ ಬಂದಿದ್ದು ಸೈನ್ಯದವರ ಕೈಯಲ್ಲಿ. ಮದ್ರಾಸ್ ಸೈನ್ಯದ ಲಿನ್ನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳನ್ನು ತೆಗೆದ. ಮರುವರ್ಷ ಬಿಗ್ಸ್ ಎಂಬ ಅಧಿಕಾರಿ ವಿಜಯಪುರ, ಬಾದಾಮಿ, ಐಹೊಳೆ ಕಡೆ ಓಡಾಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತು. ಈಗ ಅದಿಲ್ಲ, ಗ್ರೀನ್‌ಲಾನ ಚಿತ್ರದಲ್ಲಿ ಇದೆ. ಈ ಚಿತ್ರಗಳು ನಮಗೆ ಸಿಕ್ಕಿದ್ದು ನಮ್ಮ ಭಾಗ್ಯ. ಆದರೆ ಇವುಗಳಲ್ಲಿ ಕಲ್ಲಿಗೆ ಸಿಕ್ಕ ಜಾಗ ಜನಕ್ಕೆ ಸಿಗಲಿಲ್ಲ. ಹಾಗೇ ಕಲ್ಲು ದುಡ್ಡು ಕೊಟ್ಟು ಫೋಟೊ ತೆಗೆಸುವುದೂ ಇಲ್ಲ.

ನಮ್ಮವರಲ್ಲಿ ಇದನ್ನು ದೊಡ್ಡ ಕಸುಬಾಗಿ ಮಾಡಿದವರಲ್ಲಿ ಲಾಲಾ ದೀನ್ ದಯಾಳ್ ದೊಡ್ಡ ಹೆಸರು. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದವರು. ಆಮೇಲೆ ಹೈದರಾಬಾದಿನ ಆರನೇ ನಿಜಾಮರ ಆಸ್ಥಾನ ಸೇರಿದರು. ಅಂದಿನ ಬೀದರ್, ಕಲಬುರಗಿ, ರಾಯಚೂರು ಎಲ್ಲ ಅದೇ ಸಂಸ್ಥಾನ. ಬೇಟೆ, ದರ್ಬಾರು, ಅರಮನೆ, ಬರಗಾಲ, ಅವರು ಬಿಟ್ಟಿದ್ದು ಯಾವುದೂ ಇಲ್ಲ. ನನಗೆ ಇಷ್ಟವಾಗುವುದು ಅವರು 1892ರಲ್ಲಿ ತೆರೆದ ಜನಾನಾ ಸ್ಟುಡಿಯೋ. ಪರದೆಯಲ್ಲಿರುವ ಹೆಂಗಸರಿಗೆ ಮಾತ್ರ ಅದು. ಎತ್ತರದ ಗೋಡೆ, ಒಳಗೆ ಫೋಟೊ ತೆಗೆಯುವವರೂ ಹೆಂಗಸೇ. ಹೊರಗಿನ ಗಂಡಸಿಗೆ ಮುಖ ತೋರಿಸದವರು ಕೂಡ ತಮ್ಮ ಮುಖವನ್ನು ಉಳಿಸಿಕೊಳ್ಳಬೇಕು ಅಂದುಕೊಂಡರು. ದೀನ್ ದಯಾಳ್ ಆ ಆಸೆಯನ್ನು ಗುರುತಿಸಿದರು.

ಆ ಆಸೆಯನ್ನು ನಾನು ಹತ್ತಿರದಿಂದ ಕಂಡಿದ್ದು ಮಾವನ ಸ್ಟುಡಿಯೋದಲ್ಲಿ. ಬೇಸಿಗೆ ರಜೆ ಅಂದರೆ ನಾನು ಅಲ್ಲೇ. ಒಂದು ಮರದ ಬೆಂಚು, ಗೋಡೆಗೆ ಬಾಚಣಿಗೆ ಮತ್ತು ಪೌಡರ್ ಡಬ್ಬಿ ಇಟ್ಟ ಶೆಲ್ಫು, ಎಲ್ಲರಿಗೂ ಒಂದೇ ಕೋಟು. ಕೊಳ, ಮೆಟ್ಟಿಲು, ಬಳ್ಳಿ ಬರೆದ ಪರದೆ. ಒಳಗಡೆ ಕೆಂಪು ಬಲ್ಬಿನ ಡಾರ್ಕ್ ರೂಮ್, ಫೋಟೊ ತೊಳೆಯಲು ಬಳಸುವ ಹೈಪೊ ದ್ರವದ ವಾಸನೆ. ಆ ವಾಸನೆ ಮಾವನ ಅಂಗಿಯಲ್ಲಿ ಯಾವಾಗಲೂ ಇರುತ್ತಿತ್ತು.

120 ಅನ್ನುವ ಅಳತೆಯ ಫಿಲ್ಮ್ ರೋಲಿನಲ್ಲಿ ಹನ್ನೆರಡು ಫೋಟೊ. ಊಟಿಯ ಸರ್ಕಾರಿ ಕಾರ್ಖಾನೆಯ ಇಂಡು ಫಿಲ್ಮನ್ನು ಮಾವ ಜಾಸ್ತಿ ತರುತ್ತಿದ್ದರು. ರೋಲ್ ಮುಗಿಯುವವರೆಗೂ ತೊಳೆಯುವ ಹಾಗಿಲ್ಲ. "ಯಾವಾಗ ಸಿಗುತ್ತೆ ಅಣ್ಣಾ?" ಅಂತ ಕೇಳಿದವರಿಗೆ ಮಾವ ಹೇಳುತ್ತಿದ್ದ ಉತ್ತರ, "ಇನ್ನೂ ಐದು ಜನ ಬರಬೇಕಮ್ಮ." ತೀರಾ ಅರ್ಜೆಂಟ್ ಅಂದರೆ ಕತ್ತಲಲ್ಲಿ ಬೆರಳಿನ ಅಂದಾಜಿನ ಮೇಲೆ ಫಿಲ್ಮ್ ಕತ್ತರಿಸಿ ಅಷ್ಟನ್ನೇ ತೊಳೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಬಂದರೆ ಹಳ್ಳಿ ಹುಡುಗರು ಗುಂಪಾಗಿ ಬರುತ್ತಿದ್ದರು. ಮಾವ ಮೂವರನ್ನು ಒಂದೇ ಬೆಂಚಿನಲ್ಲಿ ನಡುವೆ ಜಾಗ ಬಿಟ್ಟು ಕೂರಿಸಿ ಒಂದೇ ಫೋಟೊ ತೆಗೆಯುತ್ತಿದ್ದರು. ಪ್ರಿಂಟ್ ಹಾಕುವಾಗ ಒಬ್ಬೊಬ್ಬರ ಮುಖ ಬೇರೆ ಬೇರೆ. ಅದರಿಂದ ಬೆಲೆ ಕಡಿಮೆ ಬೀಳುತ್ತಿತ್ತು. ಡಿಸ್ಡೆರಿಯ ಹೆಸರು ಮಾವ ಕೇಳಿರಲೇ ಇಲ್ಲ.

ಕೆಲವು ಸಲ ಸಾವಿನ ಮನೆಯಿಂದ ಕರೆ ಬರುತ್ತಿತ್ತು. ಬದುಕಿದ್ದಾಗ ಒಂದೂ ಫೋಟೊ ತೆಗೆಸಿರದ ಅಜ್ಜನನ್ನು ಗೋಡೆಗೆ ಒರಗಿಸಿ ಕೂರಿಸಿರುತ್ತಿದ್ದರು. ಫೋಟೊ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತೆ ಅಂತ ಹೆದರಿ ದೂರ ಉಳಿದವರೇ ಅವರಲ್ಲಿ ಜಾಸ್ತಿ. ಅಂಥ ಕಡೆ ಮಾವ ಫಿಲ್ಮಿನ ಖರ್ಚು ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ. ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಟಚಿಂಗ್ ಮಾಡಿ, ಮುಚ್ಚಿದ ಕಣ್ಣನ್ನು ತೆರೆಸಲು ನೋಡುತ್ತಿದ್ದರು. ಅದಕ್ಕೆ ಒಂದು ಇಡೀ ರಾತ್ರಿ ಹಿಡಿಯುತ್ತಿತ್ತು.

ಕಲರ್ ಬಂದಾಗ ಲೆಕ್ಕ ತಪ್ಪಿತು. ಕಲರ್ ರೋಲನ್ನು ಮಾವನ ಡಾರ್ಕ್ ರೂಮಿನಲ್ಲಿ ತೊಳೆಯಲು ಆಗುತ್ತಿರಲಿಲ್ಲ. ದೊಡ್ಡ ಊರಿನ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸಬೇಕು. 1985ರಲ್ಲಿ ಒಂದು ಮದುವೆಯ ನಾಲ್ಕು ರೋಲ್ ಕಳಿಸಿದ್ದರು. ಲ್ಯಾಬಿನಿಂದ ವಾಪಸ್ ಬಂದಿದ್ದು ಬೆಳಕು ತಗುಲಿ ಏನೂ ಉಳಿಯದ ಫಿಲ್ಮು. ಮೂರು ದಿನ ಮಾವ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಹೆಣ್ಣಿನ ಮನೆಗೆ ಹೋಗಿ ಕೈಮುಗಿದು ವಿಷಯ ಹೇಳಿದರು. ಮುಂಗಡ ವಾಪಸ್ ಕೊಟ್ಟರು. ಒಂದು ಭಾನುವಾರ ಮದುಮಕ್ಕಳನ್ನು ಸ್ಟುಡಿಯೋಗೆ ಕರೆಸಿ, ತಾವೇ ಹಾರ ತಂದು, ಬಾಸಿಂಗ ಕಟ್ಟಿಸಿ, ಹೊಸದಾಗಿ ಫೋಟೊ ತೆಗೆದರು. ಆ ದಂಪತಿಯ ಮನೆಯ ಗೋಡೆಯಲ್ಲಿ ಈಗಲೂ ಇರುವುದು ಆ ಭಾನುವಾರದ ಫೋಟೊ. ಹಿಂದೆ ಕೊಳ ಮತ್ತು ಮೆಟ್ಟಿಲಿನ ಪರದೆ ಇದೆ.

ಫೋಟೊಗ್ರಾಫರ್ ಕಥೆ ಮುಗಿಯಿತು ಅಂತ ಜನ ಅಂದುಕೊಳ್ಳುವುದು ಹೊಸದೇನಲ್ಲ. ಅಮೆರಿಕದ ರಾಚೆಸ್ಟರಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಾಕ್ ಕ್ಯಾಮೆರಾ ತಂದ. 25 ಡಾಲರ್, ಒಳಗೆ ನೂರು ಫೋಟೊಗಾಗುವಷ್ಟು ರೋಲ್. ಮುಗಿದ ಮೇಲೆ ಕ್ಯಾಮೆರಾ ಸಮೇತ ಕಳಿಸಿದರೆ 10 ಡಾಲರಿಗೆ ತೊಳೆದು, ಪ್ರಿಂಟ್ ಹಾಕಿ, ಹೊಸ ರೋಲ್ ತುಂಬಿ ಕೊಡುತ್ತಿದ್ದರು. 1900ರಲ್ಲಿ ಬಂದ ಬ್ರೌನಿಗೆ ಒಂದೇ ಡಾಲರ್, ಮಕ್ಕಳೂ ಕೊಳ್ಳಬಹುದಿತ್ತು. ಆಗಲೂ ಸ್ಟುಡಿಯೋಗಳು ಮುಚ್ಚಲಿಲ್ಲ. ಮಕ್ಕಳು ಆಡುವ ಫೋಟೊಗಳನ್ನು ಜನ ತಾವೇ ತೆಗೆದರು, ಮದುವೆಗೆ ಫೋಟೊದವರನ್ನೇ ಕರೆದರು.

ಆದರೆ ಈ ಸಲ ಬಂದಿದ್ದು ಬೇರೆ. ಪ್ಲೇಟೇ ಇಲ್ಲ, ಖರ್ಚೂ ಇಲ್ಲ. 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಕೊಡಾಕಿನದೇ ಇಂಜಿನಿಯರ್. 2012ರಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೋಲ್ಕತ್ತದ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೋ ಒಂದೂವರೆ ಶತಮಾನ ನಡೆದು 2016ರಲ್ಲಿ ಬಾಗಿಲು ಹಾಕಿತು. ಮಾವ ಅದಕ್ಕಿಂತ ಮೊದಲೇ ಡಾರ್ಕ್ ರೂಮಿನ ಗೋಡೆ ಒಡೆಸಿ ಜೆರಾಕ್ಸ್ ಮಿಷಿನ್ ಇಟ್ಟಿದ್ದರು.

ಹೋದ ಏಪ್ರಿಲ್‌ನಲ್ಲಿ ನನ್ನ ಮಗಳಿಗೆ ಮೊಗ್ಗಿನ ಜಡೆ ಹಾಕಿಸಿದೆವು. ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್. ಅವಳು ತಿರುಗಿ, ಬಗ್ಗಿ, ನಿಂತು, ಕೂತು ಸುಸ್ತಾದಳು. ಅಮ್ಮನ ಫೋಟೊದಂತೆ ಒಂದು ಬೇಕು ಅಂತ ನನಗೆ ಆಸೆ. ಬೀರುವಿನ ಕನ್ನಡಿ ಮುಂದೆ ಕೂರಿಸಿ ತೆಗೆದೆ. ಮುಖ ಚೆನ್ನಾಗಿ ಬಂದರೆ ಜಡೆ ಮಸುಕು, ಜಡೆ ಬಂದರೆ ಕನ್ನಡಿಯಲ್ಲಿ ನಾನೂ ನನ್ನ ಮೊಬೈಲೂ. ಮಾವ ಮೂಲೆಯ ಕುರ್ಚಿಯಿಂದ ನೋಡುತ್ತಿದ್ದರು.

"ಜಡೆ ಕನ್ನಡಿ ಮೇಲೆ ಇದೆ ಅಂದ್ಕೊಂಡಿದೀಯ ನೀನು. ಅದು ಇರೋದು ಕನ್ನಡಿ ಹಿಂದೆ. ಮಗು ಎಷ್ಟು ಮುಂದೆ ಕೂತಿದೆಯೋ ಅಷ್ಟು ಹಿಂದೆ. ಮಗುವನ್ನ ಕನ್ನಡಿ ಹತ್ರ ಸರಿಸು."

ಎದ್ದು ಬಂದರು. ಬೀರುವಿನ ಬಾಗಿಲನ್ನು ಸ್ವಲ್ಪ ಓರೆ ಮಾಡಿದರು. ಕಿಟಕಿಯ ಒಂದು ರೆಕ್ಕೆ ಮುಚ್ಚಿಸಿದರು. ಸ್ಟೂಲನ್ನು ಹಿಂದಕ್ಕೆ ಎಳೆದು, ಮಗಳ ಗದ್ದವನ್ನು ಎರಡು ಬೆರಳಿನಿಂದ ಇಷ್ಟೇ ಇಷ್ಟು ತಗ್ಗಿಸಿದರು. "ಭಾರ ಇದೆಯಾ ಕಂದ? ಇನ್ನೊಂದು ನಿಮಿಷ." ನನ್ನ ಮೊಬೈಲ್ ತೆಗೆದುಕೊಂಡು, ಉಸಿರು ಹಿಡಿದು, ಒಂದು ಸಲ ಒತ್ತಿ ವಾಪಸ್ ಕೊಟ್ಟರು.

"ಇನ್ನೊಂದು ತೆಗೀರಿ ಮಾವ, ಇರಲಿ."

"ಬಂದಿದೆ ಬಿಡು," ಅಂದರು ಮಾವ, ಪರದೆ ನೋಡದೆಯೇ. "ಮಗು ಜಡೆ ಬಿಚ್ಚು, ತಲೆ ನೋಯುತ್ತೆ ಅದಕ್ಕೆ."